ಹಳೆಯ ವೀಲನ್ನು ಒಮ್ಮೆ ಹೊರಗೆ ತೆಗೆದು ಓದಿ

(ಉಡುಪಿಯಲ್ಲಿ ಹಿರಿಯ ನಾಗರಿಕರ ಒಂದು ಮಾಸಿಕ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ನಡುನಡುವೆ ತುಳುವಿನಲ್ಲಿ ಹೇಳಿದ್ದನ್ನು ಕನ್ನಡ ಮಾಡಿದ್ದೇನೆ. ಪ್ರಶ್ನೋತ್ತರದಲ್ಲಿ ಎಲ್ಲರಿಗೂ ಉಪಯೋಗವಾಗುವಷ್ಟನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಹತ್ತು ಹದಿನೈದು ವರ್ಷ ಹಿಂದೆ ಬರೆದ ವೀಲನ್ನು (ಉಯಿಲು, ಮರಣಶಾಸನ) ಬಿಡಿಸಿ ನೋಡಿದರೆ, ಈಗ ಇಲ್ಲದ ಬ್ಯಾಂಕಿನ ಹೆಸರೊಂದು ಅದರಲ್ಲಿ ಸಿಗುವ ಸಂಭವ ಜಾಸ್ತಿ. ಬ್ಯಾಂಕುಗಳ ತೊಟ್ಟಿಲು ಎಂದು ನಾವು ಹೇಳಿಕೊಳ್ಳುವ ಊರಿದು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು ಇದೇ ಉಡುಪಿಯಲ್ಲಿ. ಸಿಂಡಿಕೇಟ್ 1925ರಲ್ಲಿ, ಅದೂ ಇಲ್ಲಿಯೇ. ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ. ಈಗ ಮೂರೂ ಇಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದೊಳಗೆ ಹೋಯಿತು. ಮರುವರ್ಷ ಅದೇ ತಾರೀಕಿಗೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಈ ಸಭೆಯಲ್ಲೇ ಆ ಮೂರು ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರು ಎಷ್ಟೋ ಮಂದಿ ಇದ್ದೀರಿ. ನಿಮ್ಮ ವೀಲಿನಲ್ಲಿ ಏನು ಬರೆದಿದೆ ಎಂದು ನೆನಪಿಸಿಕೊಳ್ಳಿ. 'ವಿಜಯಾ ಬ್ಯಾಂಕಿನಲ್ಲಿರುವ ನನ್ನ ಶೇರುಗಳು ಮಗಳಿಗೆ' ಎಂದು ಬರೆದವರ ಕೈಯಲ್ಲಿ ಈಗ ಆ ಶೇರು ಇಲ್ಲ. ಸಾವಿರಕ್ಕೆ 402ರ ಲೆಕ್ಕದಲ್ಲಿ ಬರೋಡದ ಶೇರು ಇದೆ.

ಹೆದರುವುದು ಬೇಡ, ಆ ಮಗಳ ಹಕ್ಕು ಹೋಗುವುದಿಲ್ಲ. ವೀಲಿನಲ್ಲಿ ಹೆಸರಿಸಿ ಕೊಟ್ಟ ವಸ್ತು ಕಾನೂನಿನ ಕ್ರಮದಿಂದಲೇ ರೂಪ ಬದಲಾಯಿಸಿದರೆ ಆ ಕೊಡುಗೆ ಉಳಿಯುತ್ತದೆ ಎಂದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಹೇಳುತ್ತದೆ. ಬ್ಯಾಂಕುಗಳನ್ನು ಸೇರಿಸಿದ್ದು ಸರಕಾರ, ನೀವಲ್ಲ. ಆದರೆ ಅದೇ ಶೇರನ್ನು ನೀವೇ ಮಾರಿ, ಆ ದುಡ್ಡನ್ನು ಇನ್ನೊಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟಿರಿ ಅಂತಾದರೆ ಕತೆಯೇ ಬೇರೆ. ವಸ್ತುವೂ ಇಲ್ಲ, ಕೊಡುಗೆಯೂ ಇಲ್ಲ. ಮಗಳು ವೀಲು ಹಿಡಿದುಕೊಂಡು ಬಂದರೆ ಅವಳಿಗೆ ಸಿಗುವುದು ಆ ಕಾಗದ ಮಾತ್ರ.

ಇದು 152ನೇ ಕಲಮು. ನನ್ನ ಕಕ್ಷಿದಾರರಲ್ಲಿ ಈ ಕಲಮಿನಿಂದ ಪೆಟ್ಟು ತಿಂದವರಷ್ಟು ಬೇರೆ ಯಾವುದರಿಂದಲೂ ತಿಂದಿಲ್ಲ. ಹೆಬ್ರಿ ಕಡೆಯ ಒಬ್ಬರು ಹಿರಿಯರು ಬಹಳ ಅಚ್ಚುಕಟ್ಟಾಗಿ ವೀಲು ಬರೆದಿದ್ದರು. ಮನೆ ದೊಡ್ಡ ಮಗನಿಗೆ, ಅಡಿಕೆ ತೋಟ ಚಿಕ್ಕವನಿಗೆ, ಚಿನ್ನ ಮತ್ತು ಠೇವಣಿ ಮಗಳಿಗೆ. ಹೆಂಡತಿಗೆ ಆ ಮನೆಯಲ್ಲಿ ಬದುಕಿರುವ ತನಕ ವಾಸದ ಹಕ್ಕು. ಯಾರೂ ತಕರಾರು ಮಾಡುವ ಹಾಗಿರಲಿಲ್ಲ. ಆಮೇಲೆ ತೋಟ ನೋಡಿಕೊಳ್ಳಲು ಜನ ಸಿಗದೆ ಅದನ್ನು ಕೊಟ್ಟು, ಆ ದುಡ್ಡಿನಲ್ಲಿ ಮಣಿಪಾಲದಲ್ಲಿ ತನ್ನ ಹೆಸರಿಗೆ ಒಂದು ಫ್ಲ್ಯಾಟ್ ಮಾಡಿದರು. 'ತೋಟದ ಬದಲು ಫ್ಲ್ಯಾಟು, ಚಿಕ್ಕವನಿಗೆ ಅಷ್ಟೇ' ಎಂದು ಮನೆಯವರೆಲ್ಲರ ಎದುರು ಹೇಳಿದ್ದರಂತೆ. ಹೇಳಿದ್ದು ನಿಜವೇ ಇರಬಹುದು. ವೀಲಿನಲ್ಲಿ ಇದ್ದದ್ದು ತೋಟ. ಉಳಿದ ಆಸ್ತಿ ಯಾರಿಗೆ ಎಂಬ ವಾಕ್ಯವೂ ಅದರಲ್ಲಿರಲಿಲ್ಲ. ಅವರು ತೀರಿಕೊಂಡ ಮೇಲೆ ಫ್ಲ್ಯಾಟು ವೀಲಿನ ಹೊರಗೆ ಬಿತ್ತು. ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಹೆಂಡತಿ ಮತ್ತು ಮೂವರು ಮಕ್ಕಳಿಗೆ ಸಮಪಾಲು. ದೊಡ್ಡವನಿಗೆ ಪೂರಾ ಮನೆ ಮತ್ತು ಫ್ಲ್ಯಾಟಿನಲ್ಲಿ ಕಾಲು ಭಾಗ, ಮಗಳಿಗೆ ಚಿನ್ನ, ಠೇವಣಿ ಮತ್ತು ಕಾಲು ಭಾಗ, ಚಿಕ್ಕವನಿಗೆ ಬರೇ ಕಾಲು ಭಾಗ. ಅಣ್ಣ ತಮ್ಮಂದಿರು ಈಗ ಒಂದು ಮದುವೆಯಲ್ಲಿ ಸಿಕ್ಕಿದರೂ ಬೇರೆ ಬೇರೆ ಪಂಕ್ತಿಯಲ್ಲಿ ಕೂತುಕೊಳ್ಳುತ್ತಾರೆ.

ತೋಟ ಮಾರಿದ ವಾರವೇ ಒಂದು ಪುಟ ಬರೆದಿದ್ದರೆ ಸಾಕಿತ್ತು. ಅದಕ್ಕೆ ಕೊಡಿಸಿಲ್ ಅನ್ನುತ್ತಾರೆ, ವೀಲಿಗೆ ಸೇರಿಸುವ ಅನುಬಂಧ. ಸ್ಟ್ಯಾಂಪು ಬೇಡ, ಬಿಳಿ ಕಾಗದ ಸಾಕು. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ.

ಇಲ್ಲಿ ಒಂದು ಮುಖ್ಯ ಮಾತು. ವೀಲು ಮಾತಾಡುವುದು ನೀವು ಸಹಿ ಹಾಕಿದ ದಿನದ ಸ್ಥಿತಿಯ ಬಗ್ಗೆ ಅಲ್ಲ, ನೀವು ಹೋಗುವ ದಿನದ ಸ್ಥಿತಿಯ ಬಗ್ಗೆ. 'ನನ್ನ ಎಲ್ಲ ಬ್ಯಾಂಕ್ ಠೇವಣಿಗಳು' ಎಂದು ಬರೆದರೆ ಸಾಯುವ ದಿನ ಯಾವ ಯಾವ ಠೇವಣಿ ಇದೆಯೋ ಅಷ್ಟೂ ಬರುತ್ತವೆ. 'ಇಂಥ ನಂಬರಿನ ರಸೀದಿಯ ಎಫ್‌ಡಿ' ಎಂದು ಬರೆದರೆ, ಪ್ರತಿ ಸಲ ನವೀಕರಿಸುವಾಗ ಹೊಸ ರಸೀದಿ, ಹೊಸ ನಂಬರು, ವಾದಕ್ಕೆ ಹೊಸ ಅವಕಾಶ. ನಮ್ಮವರಿಗೆ ಎಲ್ಲವನ್ನೂ ನಂಬರು ಸಮೇತ ಬರೆಯುವ ಚಟ. ಲೆಕ್ಕ ಸರಿಯಾಗಿರಬೇಕೆಂಬ ಬ್ಯಾಂಕಿನ ಅಭ್ಯಾಸ ಇರಬೇಕು. ಜಾಗಕ್ಕೆ ಸರ್ವೆ ನಂಬರು ಬೇಕೇ ಬೇಕು, ದುಡ್ಡಿಗೆ ಅಷ್ಟು ಬಿಗಿ ಬೇಡ. ಕಡೆಗೆ ಒಂದು ವಾಕ್ಯ ಎಲ್ಲರೂ ಸೇರಿಸಿ: 'ಇದರಲ್ಲಿ ಹೇಳದೆ ಉಳಿದ, ಮತ್ತು ಮುಂದೆ ನಾನು ಸಂಪಾದಿಸುವ ಎಲ್ಲ ಸ್ಥಿರಚರ ಆಸ್ತಿ ಇಂಥವರಿಗೆ.' ಹೆಬ್ರಿಯ ಹಿರಿಯರು ಆ ಒಂದು ವಾಕ್ಯದಲ್ಲಿ ಚಿಕ್ಕ ಮಗನ ಹೆಸರು ಬರೆದಿದ್ದರೆ ಫ್ಲ್ಯಾಟು ಪೂರ್ತಿ ಅವನಿಗೇ ಹೋಗುತ್ತಿತ್ತು.

ಬದಲಾವಣೆ ಮಾಡಬೇಕೆಂದು ಅನಿಸಿದವರೂ ಮಾಡುವ ಕ್ರಮ ನೋಡಿದರೆ ತಲೆ ಚಚ್ಚಿಕೊಳ್ಳಬೇಕು. ನನ್ನ ಮೇಜಿನ ಮೇಲೆ ಬಂದ ಒಂದು ವೀಲಿನ ಚಂದ ಕೇಳಿ. ನಾಲ್ಕು ಪುಟ, ಟೈಪು ಮಾಡಿದ್ದು, ಪ್ರತಿ ಪುಟದ ಕೆಳಗೆ ಸಹಿ. ಮೂರನೇ ಪುಟದಲ್ಲಿ ತಮ್ಮನ ಮಗನ ಹೆಸರಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಎರಡು ಗೆರೆ. ಬದಿಯಲ್ಲಿ, ಪಂಚಿಂಗ್ ತೂತಿನ ಹತ್ತಿರ ಒತ್ತಿಕೊಂಡು, ಸೊಸೆಯ ಹೆಸರು. ಅಲ್ಲಿಯೇ ಒಂದು ಚಿಕ್ಕ ಸಹಿ, ತಾರೀಕು ಇಲ್ಲ, ಸಾಕ್ಷಿ ಇಲ್ಲ. ಅಕ್ಷರ ಅವರದ್ದೇ, ಅದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಆದರೂ 1925ರ ಅಧಿನಿಯಮದ 71ನೇ ಕಲಮಿನ ಪ್ರಕಾರ ಆ ತಿದ್ದುಪಡಿಗೆ ಬೆಲೆ ಇಲ್ಲ. ವೀಲಿಗೆ ಸಹಿ ಮಾಡಿದ ಮೇಲೆ ಮಾಡುವ ತಿದ್ದುಪಡಿಗೂ ವೀಲಿನಷ್ಟೇ ವಿಧಿ ಬೇಕು, ಇಬ್ಬರು ಸಾಕ್ಷಿಗಳ ಸಹಿ ಸಮೇತ. ಗೆರೆಯ ಅಡಿಯಲ್ಲಿ ಹೆಸರು ಓದಲು ಬರುತ್ತಿತ್ತು. ಜಾಗ ತಮ್ಮನ ಮಗನಿಗೇ ಹೋಯಿತು. ಮಾವನನ್ನು ಕಡೆಯ ಆರು ವರ್ಷ ನೋಡಿಕೊಂಡ ಸೊಸೆ ಆ ಪುಟವನ್ನು ತಿರುಗಿಸಿ ತಿರುಗಿಸಿ ನೋಡಿ, 'ಬರೆದದ್ದು ಮಾವನೇ ಅಲ್ವಾ ವಕೀಲ್ರೇ' ಎಂದು ಕೇಳಿದರು. ಹೌದು ಎಂದೆ. ಬೇರೆ ಏನು ಹೇಳುವುದು?

ಈಗ ಮದುವೆಯ ವಿಷಯ. ಇದನ್ನು ಮಂಗಳೂರು, ಉಡುಪಿಯ ಕ್ರೈಸ್ತ ಬಂಧುಗಳು ವಿಶೇಷವಾಗಿ ಗಮನಿಸಬೇಕು. ಹಿಂದೂಗಳಿಗೆ ಅನ್ವಯಿಸದ ಒಂದು ನಿಯಮ ಅವರಿಗಿದೆ: ವೀಲು ಬರೆದ ಮೇಲೆ ಮದುವೆಯಾದರೆ ಆ ವೀಲು ತನ್ನಷ್ಟಕ್ಕೆ ರದ್ದು. ಅದೇ 1925ರ ಅಧಿನಿಯಮದ 69ನೇ ಕಲಮು. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳಿಗೆ ಎಲ್ಲ ಬರೆದಿಟ್ಟು, ಅರುವತ್ತರ ವಯಸ್ಸಿನಲ್ಲಿ ಜೊತೆಗೊಬ್ಬರು ಬೇಕೆಂದು ಇನ್ನೊಂದು ಮದುವೆಯಾಗುವವರು ಇದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಗರ್ಜಿಯಲ್ಲಿ ಮದುವೆ ಮುಗಿದ ಕ್ಷಣ ಕಪಾಟಿನಲ್ಲಿರುವ ವೀಲು ಸತ್ತುಹೋಯಿತು. ಹಾಗೆಯೇ ಬಿಟ್ಟರೆ ಹೊಸ ಹೆಂಡತಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಉಳಿದ ಮೂರನೇ ಎರಡು. ಇದೇ ಬೇಕಾದರೆ ಚಿಂತೆ ಇಲ್ಲ. ಬೇರೆ ಬೇಕಾದರೆ ಮದುವೆ ಕಳೆದ ಮೇಲೆ ಪುನಃ ಬರೆಯಬೇಕು. ವಿಚ್ಛೇದನಕ್ಕೆ ಮಾತ್ರ ಇಂಥ ನಿಯಮ ಇಲ್ಲ. ಬೇರೆಯಾದ ಹೆಂಡತಿಯ ಹೆಸರು ಹಳೆಯ ವೀಲಿನಲ್ಲಿದ್ದರೆ ಅದು ತನ್ನಿಂದ ತಾನೇ ಅಳಿಯುವುದಿಲ್ಲ.

ಮುಸ್ಲಿಮರಿಗೆ ಬೇರೆಯೇ ಲೆಕ್ಕ. ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನು ಮಾತ್ರ ವಸಿಯತ್ (ವೀಲು) ಮಾಡಬಹುದು. ಹೆಚ್ಚು ಮಾಡಬೇಕಾದರೆ ವಾರಸುದಾರರ ಒಪ್ಪಿಗೆ ಬೇಕು.

ಅಳಿಯಕಟ್ಟಿನ (ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ವಂಶ, ಆಸ್ತಿ ಬರುವ ಪದ್ಧತಿಯ) ಮನೆತನದವರು ಇಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದೀರಿ ಎಂದು ಕಾಣುತ್ತದೆ. ನಿಮಗೊಂದು ಪ್ರಶ್ನೆ. ನೌಕರಿ ಮಾಡಿ, ಸ್ವಂತ ದುಡ್ಡಿನಲ್ಲಿ ಮನೆ ಕಟ್ಟಿಸಿದ ಒಬ್ಬ ಹೆಂಗಸು ವೀಲು ಬರೆಯದೆ ತೀರಿಕೊಂಡರೆ ಆ ಮನೆ ಯಾರಿಗೆ? ಗಂಡನಿಗೆ ಮತ್ತು ಮಕ್ಕಳಿಗೆ ಎಂದು ಎಲ್ಲರೂ ಹೇಳುತ್ತಾರೆ. ಬೇರೆ ಹಿಂದೂ ಹೆಂಗಸರಿಗೆ ಅದು ಸರಿ. ಅಳಿಯಸಂತಾನದವರಿಗೆ ಹಿಂದೂ ಉತ್ತರಾಧಿಕಾರ ಅಧಿನಿಯಮದ 17ನೇ ಕಲಮು ಬೇರೆ ಸಾಲು ಹಾಕಿಕೊಟ್ಟಿದೆ. ಮೊದಲ ಸಾಲಿನಲ್ಲಿ ಮಕ್ಕಳು ಮತ್ತು ಆಕೆಯ ತಾಯಿ. ಗಂಡ ಎರಡನೇ ಸಾಲಿನಲ್ಲಿ, ಆಕೆಯ ತಂದೆಯ ಜೊತೆಗೆ. ಮೊದಲ ಸಾಲಿನಲ್ಲಿ ಒಬ್ಬರಿದ್ದರೂ ಎರಡನೆಯವರಿಗೆ ಏನೂ ಇಲ್ಲ. ಅಂದರೆ ಮಕ್ಕಳಿಲ್ಲದ ದಂಪತಿ, ಹೆಂಡತಿಯ ಹೆಸರಿನ ಮನೆ, ಹೆಂಡತಿಯ ತಾಯಿ ಬದುಕಿದ್ದಾರೆ ಅಂತಾದರೆ ಪೂರಾ ಮನೆ ಆ ತಾಯಿಗೆ. ಗಂಡ ಆ ಮನೆಯಲ್ಲಿ ಹಕ್ಕಿಲ್ಲದವನಾಗುತ್ತಾನೆ. 1949ರ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಕಾಯ್ದೆ ಎಲ್ಲ ಬಂದ ಮೇಲೆ ಅಳಿಯಕಟ್ಟು ಮುಗಿಯಿತು ಎಂದುಕೊಂಡಿದ್ದೇವೆ. ಅದರ ನೆರಳು ಇನ್ನೂ ಇದೆ. ಗಂಡಸರು ಮಾತ್ರ ವೀಲು ಬರೆಯುವುದು ಎಂಬ ಅಭ್ಯಾಸ ಇರುವ ಮನೆಗಳಲ್ಲಿ ಈ ನೆರಳು ಬೀಳುತ್ತದೆ. ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಹೆಸರಿನಲ್ಲಿ ಏನಿದ್ದರೂ ನಿಮ್ಮದೇ ಒಂದು ವೀಲು ಬೇಕು.

ಅದೇ ಅಧಿನಿಯಮದ 30ನೇ ಕಲಮಿನಲ್ಲಿ 'ಕುಟುಂಬ', 'ಕವರು' (ಕುಟುಂಬದ ಕವಲು) ಎಂಬ ನಮ್ಮ ಶಬ್ದಗಳನ್ನೇ ಬಳಸಿ, ಅದರಲ್ಲಿ ನಿಮ್ಮ ಪಾಲನ್ನು ವೀಲು ಮಾಡಬಹುದು ಎಂದಿದ್ದಾರೆ. ಪಾಲು ಮಾತ್ರ. ತರವಾಡು ಮನೆಯನ್ನೋ (ಕುಟುಂಬದ ಮೂಲಮನೆ) ದೈವದ ಭಂಡಾರದ ಚಾವಡಿಯನ್ನೋ ಯಜಮಾನನಾದ ಒಬ್ಬನೇ ತನ್ನ ಮಗನಿಗೆ ಬರೆದಿಟ್ಟರೆ ಅದು ನಡೆಯುವುದಿಲ್ಲ. ಡಿಕ್ಲರೇಷನ್‌ನಲ್ಲಿ ಆದ, ಅಂದರೆ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಾಗಕ್ಕೂ ಇದೇ ಜಾಗ್ರತೆ ಬೇಕು. ಟ್ರಿಬ್ಯುನಲ್ ಆದೇಶ ಹಿರಿಯಣ್ಣನ ಹೆಸರಿನಲ್ಲಿದ್ದರೂ ಗೇಣಿ ಮಾಡಿದ್ದು ಇಡೀ ಕುಟುಂಬವಾದರೆ ಉಳಿದವರಿಗೂ ಹಕ್ಕಿದೆ. ಕುಮ್ಕಿಯಂತೂ ಸರಕಾರದ ಜಾಗ. ವರ್ಗದಾರನಿಗೆ, ಅಂದರೆ ಪಕ್ಕದ ಪಟ್ಟಾ ಜಾಗದ ಒಡೆಯನಿಗೆ ಇರುವುದು ಸೊಪ್ಪು, ಕಟ್ಟಿಗೆಯ ಸವಲತ್ತು. 'ಕುಮ್ಕಿ ಎರಡು ಎಕ್ರೆ ಮಗಳಿಗೆ' ಎಂದು ಬರೆದ ವೀಲುಗಳನ್ನು ನೋಡಿದ್ದೇನೆ, ಪಾಪ ಮಗಳು.

ಸರ್ವೆ ನಂಬರಿನ ಬಗ್ಗೆ ಒಂದೇ ಮಾತು. ಪಾಲಾಗಿ, ಅಳತೆಯಾಗಿ, ಕನ್ವರ್ಷನ್ ಆಗಿ ಹಳೆಯ ನಂಬರು ಮೂರಾಗಿ ಒಡೆದಿರುತ್ತದೆ. ಹೆದ್ದಾರಿ 66ರ ಬದಿಯವರದ್ದಾದರೆ ಅಗಲ ಮಾಡುವಾಗ ಕೆಲವು ಸೆಂಟ್ಸ್ ಹೋಗಿ ಪರಿಹಾರ ಬಂದಿರುತ್ತದೆ. ಈಗಿನ ಆರ್‌ಟಿಸಿ ಒಂದನ್ನು ತೆಗೆಸಿ ವೀಲಿನ ಪಕ್ಕದಲ್ಲಿಟ್ಟು ನೋಡಿ.

ವೀಲಿನಲ್ಲಿರುವ ಜನರಿಗೂ ಹೀಗೆಯೇ ನೋಡಬೇಕು. ಯಾರಿಗೆ ಬರೆದಿದ್ದೀರೋ ಅವರು ನಿಮಗಿಂತ ಮೊದಲು ಹೋದರೆ ಸಾಮಾನ್ಯವಾಗಿ ಆ ಕೊಡುಗೆ ಬಿದ್ದುಹೋಗುತ್ತದೆ. ನಿಮ್ಮ ಮಗನೋ ಮಗಳೋ ಆಗಿದ್ದು, ಅವರ ಮಕ್ಕಳು ಇದ್ದರೆ ಮಾತ್ರ ಅದು ಉಳಿಯುತ್ತದೆ. ತಂಗಿಗೆ ಬರೆದು, ತಂಗಿ ತೀರಿಕೊಂಡರೆ, ಅವಳ ಮಕ್ಕಳಿಗೆ ತನ್ನಿಂದ ತಾನೇ ಬರುವುದಿಲ್ಲ. 'ಅವಳಿಲ್ಲದಿದ್ದರೆ ಅವಳ ಮಕ್ಕಳಿಗೆ' ಎಂದು ಬರೆಯಿರಿ. ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು 'ನನ್ನ ಎದುರು ಸಹಿ ಮಾಡಿದರು' ಎಂದು ಹೇಳಬೇಕಾಗುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೆಯೇ ಇತ್ತು, 2024ರ ಜುಲೈಯಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ನಮ್ಮಲ್ಲಿ ಎಪ್ಪತ್ತೈದರವರು ಎಪ್ಪತ್ತೆಂಟರ ಸ್ನೇಹಿತನನ್ನು ಸಾಕ್ಷಿ ಹಾಕಿಸುತ್ತಾರೆ. ವಿಶ್ವಾಸ ಏನೋ ಇದೆ, ಆಯುಸ್ಸು? ನಿಮಗಿಂತ ಇಪ್ಪತ್ತು ವರ್ಷ ಸಣ್ಣವರನ್ನು ಹುಡುಕಿ, ಊರಲ್ಲೇ ಇರುವವರನ್ನು ಹುಡುಕಿ. ಆಸ್ತಿ ಪಡೆಯುವವರನ್ನು ಮಾತ್ರ ಸಾಕ್ಷಿ ಹಾಕಿಸಬೇಡಿ.

ಮುಂಬೈಯಲ್ಲಿ ಹೋಟೆಲು, ದುಬಾಯಿಯಲ್ಲಿ ಫ್ಲ್ಯಾಟು ಇರುವ ಮನೆಗಳು ನಮ್ಮಲ್ಲಿ ಕಡಿಮೆ ಏನಲ್ಲ. ದುಬಾಯಿಯಲ್ಲಿ ಮುಸ್ಲಿಮೇತರರು ಅಲ್ಲಿಯ ಆಸ್ತಿಗೆ ವೀಲು ನೋಂದಾಯಿಸುವ ವ್ಯವಸ್ಥೆ 2015ರಿಂದ ಇದೆ. ಒಳ್ಳೆಯದೇ. ಆದರೆ ಯಾವ ವೀಲಿನ ನಮೂನೆ ತೆಗೆದರೂ ಮೊದಲ ಪುಟದಲ್ಲೇ 'ಈ ಹಿಂದೆ ಮಾಡಿದ ಎಲ್ಲ ವೀಲುಗಳನ್ನು ರದ್ದುಪಡಿಸಿದ್ದೇನೆ' ಎಂಬ ಸಾಲು ಇರುತ್ತದೆ. ಅಲ್ಲಿಯ ಫ್ಲ್ಯಾಟಿಗೆಂದು ಸಹಿ ಹಾಕಿದ ಕಾಗದ ಇಲ್ಲಿಯ ಮನೆ, ತೋಟದ ವೀಲನ್ನೂ ನುಂಗಬಹುದು. 'ಇಂಥ ದೇಶದ ಆಸ್ತಿಗೆ ಸಂಬಂಧಿಸಿದ ವೀಲು ಮಾತ್ರ' ಎಂದು ಎರಡರಲ್ಲೂ ಬಿಡಿಸಿ ಬರೆಯಿಸಿ.

ಬದಲಾವಣೆಯನ್ನು ಆಸ್ಪತ್ರೆಯ ಹಾಸಿಗೆಯ ತನಕ ಮುಂದೂಡಬೇಡಿ ಎನ್ನಲು ಬಲವಾದ ಕಾರಣ ಇದೆ. ಮೈಸೂರಿನಿಂದ ಹೋಗಿ 1958ರಲ್ಲಿ ತೀರ್ಪಾದ ಒಂದು ಮೊಕದ್ದಮೆಯಲ್ಲಿ, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ನಡುವಿನದ್ದು, ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇವತ್ತಿಗೂ ಪ್ರತಿ ವೀಲಿನ ದಾವೆಯಲ್ಲಿ ಓದುತ್ತಾರೆ. ಸಂಶಯ ಬರುವಂಥ ಸನ್ನಿವೇಶ ಇದ್ದರೆ ಅದನ್ನು ನಿವಾರಿಸುವ ಹೊಣೆ ವೀಲನ್ನು ಮುಂದಿಡುವವನದ್ದು. ನಡುಗುವ ಸಹಿ, ಲಾಭ ಪಡೆಯುವ ಮಗನೇ ವಕೀಲರನ್ನು ಕರೆತಂದದ್ದು, ಹೆಂಡತಿಯ ಹೆಸರೇ ಇಲ್ಲದಿರುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗಟ್ಟಿ ಇರುವಾಗ ಬದಲಾಯಿಸಿ. ಯಾರಿಗಾದರೂ ಕಡಿಮೆ ಕೊಡುವುದಾದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ: 'ಮಗಳಿಗೆ ಮನೆ ಕಟ್ಟುವಾಗ ದುಡ್ಡು ಕೊಟ್ಟಿದ್ದೇನೆ' ಅಂತ. ಬೈಯುವ ಧಾಟಿ ಬೇಡ. ನಿಮ್ಮ ಆ ಸಾಲನ್ನು ತುಂಬಿದ ಕೋರ್ಟಿನಲ್ಲಿ ಯಾರೋ ಗಟ್ಟಿಯಾಗಿ ಓದುತ್ತಾರೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

'ಎಲ್ಲದಕ್ಕೂ ನಾಮಿನಿ ಹಾಕಿದ್ದೇನೆ, ವೀಲು ಯಾಕೆ?' ಎಂದು ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಕೇಳಿದರು. ಠೇವಣಿಯ ನಾಮಿನಿ ಎಂದರೆ ಬ್ಯಾಂಕಿನಿಂದ ದುಡ್ಡು ಕೈಗೆ ತೆಗೆದುಕೊಳ್ಳುವವ. ಅದು ಯಾರದ್ದು ಎಂಬುದನ್ನು ವೀಲು ಅಥವಾ ಉತ್ತರಾಧಿಕಾರದ ಕಾನೂನು ತೀರ್ಮಾನಿಸುತ್ತದೆ. ಕಂಪೆನಿ ಶೇರಿಗೂ ಹಾಗೆಯೇ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರು ನಾಮಿನಿಗಳನ್ನು ಹಾಕಬಹುದು. ಅದನ್ನು ವೀಲಿಗೆ ಸರಿಹೊಂದುವ ಹಾಗೆ ಹಾಕಿದರೆ ಮನೆಯಲ್ಲಿ ಜಗಳ ಕಡಿಮೆ.

'ರಿಜಿಸ್ಟರ್ ಮಾಡಿಸಿದರೆ ಮಕ್ಕಳಿಗೆ ಗೊತ್ತಾಗುತ್ತದಾ?' ಈ ಪ್ರಶ್ನೆ ಮೆಲ್ಲಗೆ ಬಂತು, ನಗು ಜೋರಾಗಿ ಬಂತು. ಗೊತ್ತಾಗುವುದಿಲ್ಲ. ನೀವು ಬದುಕಿರುವಾಗ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಅದರ ನಕಲು ನಿಮ್ಮ ಹೊರತು ಬೇರೆಯವರಿಗೆ ಕೊಡುವ ಹಾಗಿಲ್ಲ. ನೋಂದಣಿ ಕಡ್ಡಾಯವೂ ಅಲ್ಲ. ನೋಂದಣಿಯಾದ ಹಳೆಯ ವೀಲನ್ನು, ಸರಿಯಾಗಿ ಸಹಿ ಸಾಕ್ಷಿ ಆದ, ನೋಂದಣಿ ಇಲ್ಲದ ಹೊಸ ವೀಲು ರದ್ದುಮಾಡಬಲ್ಲದು. ಆದರೆ ಮೊದಲನೆಯದನ್ನು ರಿಜಿಸ್ಟರ್ ಮಾಡಿಸಿದವರು ಎರಡನೆಯದನ್ನೂ ಮಾಡಿಸುವುದು ಒಳ್ಳೆಯದು. ಇಲ್ಲದಿದ್ದರೆ 'ಇದನ್ನು ಮಾತ್ರ ಯಾಕೆ ಮಾಡಿಸಲಿಲ್ಲ' ಎಂಬ ಪ್ರಶ್ನೆ ಬಂದೇ ಬರುತ್ತದೆ.

'ಈ ತಲೆಬಿಸಿಯೇ ಬೇಡ, ಈಗಲೇ ದಾನಪತ್ರ ಮಾಡಿಕೊಟ್ಟರೆ?' ಎಂದರು ಒಬ್ಬರು ಅಮ್ಮ. ದಾನ ಕೊಟ್ಟದ್ದು ಕೊಟ್ಟದ್ದೇ. ನೋಡಿಕೊಳ್ಳಬೇಕೆಂಬ ಷರತ್ತು ಹಾಕಿ ಕೊಟ್ಟು, ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಲ್ಲಿ ಅರ್ಜಿ ಹಾಕಬಹುದು. ಆ ವಯಸ್ಸಿನಲ್ಲಿ ಅರ್ಜಿ ಹಿಡಿದು ಕಚೇರಿಗೆ ಅಲೆಯುವುದು ಬೇಡ ಅಮ್ಮ. ವೀಲಾದರೆ ನಾಳೆ ಬೆಳಿಗ್ಗೆ ಬದಲಾಯಿಸಬಹುದು.

'ಎಷ್ಟು ಸಮಯಕ್ಕೊಮ್ಮೆ ನೋಡುವುದು?' ಪಿಂಚಣಿದಾರರು ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಕೊಡಲು ಹೋಗುತ್ತೀರಲ್ಲ, ಆ ವಾರ ಕಪಾಟಿನಿಂದ ತೆಗೆದು ಓದಿ. ಇದಲ್ಲದೆ ಮದುವೆ, ಮರಣ, ವಿಚ್ಛೇದನ, ಮೊಮ್ಮಗು, ಜಾಗ ಕೊಟ್ಟದ್ದು, ಕೊಂಡದ್ದು ಏನೇ ಆದರೂ.

'ಹೊಸತು ಬರೆದ ಮೇಲೆ ಹಳೆಯದನ್ನು ಹರಿದು ಬಿಸಾಡಬಹುದಾ?' ಇದು ಕಡೆಯ ಪ್ರಶ್ನೆ. ಹರಿಯಬೇಡಿ. ಹೊಸದು ಯಾವುದೋ ಲೋಪಕ್ಕೆ ಕೋರ್ಟಿನಲ್ಲಿ ಬಿದ್ದುಹೋದರೆ ಹಳೆಯದು ಎದ್ದು ನಿಲ್ಲುವ ಸಾಧ್ಯತೆ ಇರುತ್ತದೆ, ಹರಿದಿದ್ದರೆ ಎರಡೂ ಇಲ್ಲ. ಅದರ ಮೇಲೆ ಕೆಂಪು ಶಾಯಿಯಲ್ಲಿ 'ರದ್ದು' ಎಂದು ಬರೆಯುವುದರಿಂದಲೂ ಕಾನೂನಿನಲ್ಲಿ ರದ್ದಾಗುವುದಿಲ್ಲ. ಹಾಗೆಯೇ, ಹೊಸತನ್ನು ಹರಿದರೆ ಹಳೆಯದು ಪುನಃ ಜೀವ ಪಡೆಯುತ್ತದೆ ಎಂದುಕೊಳ್ಳಬೇಡಿ. ಒಮ್ಮೆ ರದ್ದಾದ ವೀಲು ಬೇಕಾದರೆ ಅದಕ್ಕೆ ಮತ್ತೆ ವಿಧಿಪ್ರಕಾರ ಸಹಿ ಸಾಕ್ಷಿ ಆಗಬೇಕು. ಹಳೆಯದನ್ನು ಬೇರೆ ಕವರಿಗೆ ಹಾಕಿ, ಮೇಲೆ ಹೊಸ ವೀಲಿನ ತಾರೀಕು ಬರೆದು ವಕೀಲರ ಹತ್ತಿರ ಕೊಡಿ. ಹೊಸತು ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಬ್ಯಾಂಕ್ ಲಾಕರಿನಲ್ಲಿಟ್ಟು, ಲಾಕರನ್ನು ನಿಮ್ಮೊಬ್ಬರ ಹೆಸರಿನಲ್ಲೇ ಇಟ್ಟುಕೊಂಡು, ಕೀಲಿ ಎಲ್ಲಿದೆ ಎಂದು ಯಾರಿಗೂ ಹೇಳದೆ ಇರುವವರೂ ಈ ಸಭೆಯಲ್ಲಿದ್ದೀರಿ, ಹೆಸರು ಹೇಳುವುದಿಲ್ಲ.